ಮೊದಲು ಹೊತ್ತಿದ ದೀಪ

ಗಂಗವ್ವನ ಮೆಣಸಿನಕಾಯಿಯಿಂದ ಟಿ.ವಿ. ಟಾವರು ಕೆಡಲಿಲ್ಲ. ಕೆಟ್ಟದ್ದು ನನ್ನಿಂದ. ಅದು ನನಗೆ ಆ ದಿನವೇ ಗೊತ್ತಿತ್ತು — ಆಮೇಲೆ ತಿಳಿದದ್ದಲ್ಲ, ಬರೀ ಅನುಮಾನವೂ ಅಲ್ಲ. ಖಚಿತವಾಗಿ ಗೊತ್ತಿದ್ದೇ ಊರಿನವರ ಮುಂದೆ ಅವಳ ಕಣದ ಕಡೆ ಕೈ ತೋರಿಸಿದೆ.

ಈ ಮಾತನ್ನು ಮೊದಲ ಸಾಲಿನಲ್ಲೇ ಬರೆಯಬೇಕೆಂದು ನಿಶ್ಚಯಿಸಿಕೊಂಡು ಕುಳಿತಿದ್ದೇನೆ. ಹಿಂದಿನದನ್ನೆಲ್ಲ ಹೇಳುತ್ತಾ ಬಂದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ ನನ್ನನ್ನು ನಾನು ಉಳಿಸಿಕೊಂಡುಬಿಡುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ಬ್ಯಾಡಗಿಯ ಹೊರಗೆ, ಮೋಟೆಬೆನ್ನೂರಿನ ದಾರಿಗೆ ಹತ್ತಿರದ ದಿಬ್ಬದ ಮೇಲೆ, ಒಂದು ಸಣ್ಣ ಟಿ.ವಿ. ಮರುಪ್ರಸಾರ ಕೇಂದ್ರವಿತ್ತು. ಒಂದು ದೊಡ್ಡ ಡಿಶ್ಶು, ಒಂದು ಎತ್ತರದ ಕಂಬ, ಎರಡು ಕೋಣೆಯ ಕಟ್ಟಡ. ಆಕಾಶದಿಂದ ಬಂದ ಕಾರ್ಯಕ್ರಮವನ್ನು ಹಿಡಿದು, ಬಲ ಕೊಟ್ಟು, ಸುತ್ತಲಿನ ಊರುಗಳಿಗೆ ಹಂಚುವುದು ನಮ್ಮ ಕೆಲಸ. ಜನ ಅದನ್ನು ಟಾವರು ಎನ್ನುತ್ತಿದ್ದರು. ನಾನು ಅದರ ಮುಖ್ಯಸ್ಥ. ಹಾವೇರಿಯಿಂದ ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದೆ. ಬಸ್ಸು ತಪ್ಪಿಸಿಕೊಂಡ ನೆನಪಿಲ್ಲ. ಚಪ್ಪಲಿ ಹೊರಗೆ ಬಿಡುವುದು, ಗಾಳಿ ಸೋಸುವ ಜಾಲರಿ ತೊಳೆದು ಹಾಕುವುದು, ಮೀಟರುಗಳನ್ನು ಎಡದಿಂದ ಬಲಕ್ಕೆ ಓದುವುದು — ಎಲ್ಲಕ್ಕೂ ಒಂದು ಕ್ರಮ. ಆ ಕ್ರಮವನ್ನು ನಾನು ಇತರರ ಮೇಲೂ ಹೇರುತ್ತಿದ್ದೆ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ಆ ಹೆಮ್ಮೆಯಿಂದಲೇ —

ಇರಲಿ. ಮೊದಲು ದೀಪಗಳ ವಿಷಯ ಹೇಳಬೇಕು. ಅದು ತಿಳಿಯದಿದ್ದರೆ ನನ್ನ ಅಪರಾಧ ನಿಮಗೆ ಸಣ್ಣದಾಗಿ ಕಾಣಬಹುದು.

ಕಂಬದ ಮೇಲಿನ ಆಂಟೆನಾಕ್ಕೆ ಬಲ ಕಳಿಸುವ ಪೆಟ್ಟಿಗೆಗೆ ಪವರ್ ಆಂಪ್ಲಿಫೈಯರ್ ಎನ್ನುತ್ತಾರೆ. ಅದರ ಮುಖದ ಮೇಲೆ ಮೂರು ಕೆಂಪು ದೀಪಗಳು. ಒಂದು ಕರೆಂಟು ಏರುಪೇರಾದರೆ ಹೊತ್ತುತ್ತದೆ. ಒಂದು ಪೆಟ್ಟಿಗೆ ಮಿತಿಮೀರಿ ಕಾದರೆ. ಮೂರನೆಯದು, ಕಳಿಸಿದ ಶಕ್ತಿ ಹಿಂದಿರುಗಿ ಬಂದರೆ. ಆಂಟೆನಾಕ್ಕೆ ಹೋದ ಶಕ್ತಿ ಬಯಲಿಗೆ ಹರಡಬೇಕು. ನಡುವೆ ಕೇಬಲ್ಲಾಗಲಿ ಜೋಡಣೆಯಾಗಲಿ ಕೆಟ್ಟಿದ್ದರೆ ಅದು ಗೋಡೆಗೆ ಹೊಡೆದ ಚೆಂಡಿನಂತೆ ತಿರುಗಿ ಆಂಪ್ಲಿಫೈಯರಿಗೇ ಬಂದು ಬಡಿಯುತ್ತದೆ. ಆಗ ಪೆಟ್ಟಿಗೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ಬಂದ್ ಆಗುತ್ತದೆ. ದೀಪ ಮಾತ್ರ ಹೊತ್ತಿಕೊಂಡೇ ಇರುತ್ತದೆ, ಯಾರಾದರೂ ರೀಸೆಟ್ ಗುಂಡಿ ಒತ್ತುವವರೆಗೆ.

ನಾನು ಕೆಲಸಕ್ಕೆ ಬಂದ ಪ್ರತಿಯೊಬ್ಬನಿಗೂ ಹೇಳುತ್ತಿದ್ದ ಮಾತು ಒಂದೇ: ದೀಪ ನೋಡದೆ ಗುಂಡಿ ಮುಟ್ಟಬೇಡ. ಗುಂಡಿ ಒತ್ತಿದರೆ ದೀಪ ಆರುತ್ತದೆ, ದೋಷ ಹೋಗುವುದಿಲ್ಲ. ಮೊದಲು ಹೊತ್ತಿದ ದೀಪ ಕಾರಣ ಹೇಳುತ್ತದೆ. ಆಮೇಲೆ ಹೊತ್ತಿದ್ದು ಅದರ ಪರಿಣಾಮ. ದೋಷ ಒಳಗಿದೆಯೋ ಹೊರಗಿದೆಯೋ ಎಂದು ಅನುಮಾನ ಬಂದರೆ ಆಂಟೆನಾದ ಕೇಬಲ್ಲು ಬಿಚ್ಚಿ, ಅದರ ಜಾಗದಲ್ಲಿ ಡಮ್ಮಿ ಲೋಡ್ ಹಚ್ಚು. ಅದು ಶಕ್ತಿಯನ್ನೆಲ್ಲ ತಾನೇ ನುಂಗಿಕೊಳ್ಳುವ ಒಂದು ಸಾಧನ, ಆಂಟೆನಾದ ಬದಲಿ. ಅದರ ಮೇಲೆ ಪೆಟ್ಟಿಗೆ ತಣ್ಣಗೆ ನಡೆದರೆ ಪೆಟ್ಟಿಗೆ ಚೆನ್ನಾಗಿದೆ, ದೋಷ ಹೊರಗೆ ಕಂಬದ ಮೇಲಿದೆ. ಇದರಲ್ಲಿ ವಾದಕ್ಕೆ ಜಾಗವಿಲ್ಲ.

ಕಂಬದ ಮೇಲೆ, ಆಂಟೆನಾಕ್ಕೆ ಕೇಬಲ್ಲು ಸೇರುವಲ್ಲಿ, ಒಂದು ಜೋಡಣೆಯಿತ್ತು. ಮಳೆಗಾಲಕ್ಕೆ ಮುಂಚೆ ಅದನ್ನು ಬಿಚ್ಚಿ ನೋಡಿ, ಒರೆಸಿ, ಹೊಸ ಟೇಪು ಸುತ್ತಿ, ನೀರು ಹೋಗದಂತೆ ಮೇಣ ಬಳಿಯಬೇಕು. ಪ್ರತಿ ವರ್ಷ ನಾನೇ ಹತ್ತುತ್ತಿದ್ದೆ. ಆ ವರ್ಷ ಅರ್ಧ ಹತ್ತಿದಾಗ ತಲೆ ತಿರುಗಿತು. ಕಬ್ಬಿಣ ಅಪ್ಪಿಕೊಂಡು ಕಣ್ಣು ಮುಚ್ಚಿ ನಿಂತೆ. ಆಮೇಲೆ ಒಂದೊಂದೇ ಮೆಟ್ಟಿಲು ಇಳಿದೆ. ಕೆಳಗೆ ಯಾರೂ ಇರಲಿಲ್ಲ. ನಮ್ಮ ತಂತ್ರಜ್ಞ ಈರಣ್ಣ ರಾಣೆಬೆನ್ನೂರಿನಿಂದ ಇನ್ನೂ ಬಂದಿರಲಿಲ್ಲ. ಅವನಿಗೆ ಹೇಳಿದ್ದರೆ ನಗುನಗುತ್ತಾ ಹತ್ತಿ ಬರುತ್ತಿದ್ದ. ಹೇಳಲಿಲ್ಲ. ಅಂದು ಸಂಜೆ ಮೇಲಿನ ಕಚೇರಿಯಿಂದ ಫೋನಿನಲ್ಲಿ ಕೇಳಿದಾಗ, "ಜೋಡಣೆ ನೋಡಿದ್ದೇನೆ, ಚೆನ್ನಾಗಿದೆ" ಎಂದೆ. ನಾಳೆ ಹತ್ತಿದರಾಯಿತು ಎಂದುಕೊಂಡೆ. ಮಳೆ ಬಂತು. ಮಳೆಗಾಲವೂ ಮುಗಿಯಿತು. ನಾನು ಹತ್ತಲಿಲ್ಲ.

ಈಗ ಗಂಗವ್ವ.

ನಮ್ಮ ಬೇಲಿಯ ಆಚೆಗೆ ಸರಕಾರಿ ಬಯಲು. ಅಲ್ಲಿ ಗಂಗವ್ವ ಮೆಣಸಿನಕಾಯಿ ಒಣಗಿಸುವ ಕಣ ಮಾಡಿಕೊಂಡಿದ್ದಳು. ಗಂಡ ಹಮಾಲಿಗೆ ಹೋಗುತ್ತಿದ್ದ, ಕಣ ಅವಳದ್ದು. ರೈತರಿಂದ ಹಸಿ ಇರುವಾಗಲೇ ಮಾಲು ತರಿಸಿ, ಒಣಗಿಸಿ, ಮೋಟೆಬೆನ್ನೂರಿನ ಹೆಂಗಸರನ್ನು ಕೂರಿಸಿ ತೊಟ್ಟು ಬಿಡಿಸಿ, ಆರಿಸಿ, ಪೇಟೆಗೆ ಕಳಿಸುತ್ತಿದ್ದಳು. ದಲಾಲಿ ಅಂಗಡಿಯವರು ಅವಳ ಚೀಲಕ್ಕೆ ಕೈ ಹಾಕಿ ನೋಡುತ್ತಿರಲಿಲ್ಲ. "ಗಂಗವ್ವನ ಕಣದ್ದು" ಎಂದರೆ ಸಾಕಿತ್ತು. ಸುಗ್ಗಿಯಲ್ಲಿ ಆ ಬಯಲು ಪೂರ್ತಿ ಕೆಂಪು. ನಡುವೆ ಅವಳು, ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಕೈಯಲ್ಲಿ ಕಾಯಿ ಹರಗಿ ಮಗುಚುವ ಕೋಲು ಹಿಡಿದು.

ಕಾಯಿ ಹರಗಿದಾಗ ಘಾಟು ಏಳುತ್ತಿತ್ತು. ಪೆಟ್ಟಿಗೆಯನ್ನು ತಂಪಾಗಿಡುವ ಗಾಳಿಯನ್ನು ಸೋಸುವ ನಮ್ಮ ಜಾಲರಿಯ ಮೇಲೆ ಕೆಂಪು ಧೂಳು ಕೂರುತ್ತಿತ್ತು; ಅದು ಕಟ್ಟಿಕೊಂಡರೆ ಪೆಟ್ಟಿಗೆ ಕಾಯುತ್ತದೆ. ಅದಕ್ಕಾಗಿಯೇ ಸುಗ್ಗಿಯ ದಿನಗಳಲ್ಲಿ ನಾನು ಜಾಲರಿಯನ್ನು ದಿನವೂ ಬದಲಿಸುತ್ತಿದ್ದೆ — ಒಂದು ತೊಳೆದು ಒಣಗಿಸಿದ್ದು, ಒಂದು ಹಾಕಿದ್ದು. ಒಮ್ಮೆ ಬೇಲಿಯ ಹತ್ತಿರ ನಿಂತು ಅವಳಿಗೆ ಈ ಧೂಳಿನ ವಿಷಯ ಹೇಳಿದೆ.

"ನಾ ಏನ್ ಮಾಡ್ಲಿ ಹೇಳ್ರಿ ಸಾಹೇಬ್ರ" ಎಂದಳು. "ಮೆಣಸಿನಕಾಯಿಗೆ ಸುಮ್ಮನಿರು ಅಂದ್ರ ಅದು ಕೇಳತೈತೇನ್ರಿ?"

"ಬೇಲಿಗೆ ಏನರ ಅಡ್ಡ ಕಟ್ಟು."

ಮರುದಿನ ಬೇಲಿಯ ಉದ್ದಕ್ಕೂ ಹಳೆಯ ಸೀರೆಗಳು. ಹಸಿರು ಅಂಚಿನವು, ಬಣ್ಣ ಹೋದವು, ತೇಪೆ ಹಾಕಿದವು. ಕಣದ ಹೆಂಗಸರೆಲ್ಲ ಮನೆಯಿಂದ ಒಂದೊಂದು ತಂದು ಕಟ್ಟಿದ್ದರು. ನಾನು ಹೇಳಿದ್ದಕ್ಕಿಂತ ಹೆಚ್ಚು ಮಾಡಿದ್ದಳು. ಜಾಲರಿಗೆ ಧೂಳು ಅರ್ಧಕ್ಕರ್ಧ ಕಡಿಮೆಯಾಯಿತು. ಈರಣ್ಣ ನೋಡಿ ನಕ್ಕ: "ನಮ್ಮ ಟಾವರಿಗೆ ಇಷ್ಟು ಮಂದಿ ಸೀರಿ ಉಡಿಸ್ಯಾರ. ಇನ್ನ ಲಗ್ನಾ ಒಂದ ಬಾಕಿ ಐತ್ರಿ ಸರ."

ಆ ಭಾನುವಾರ ಬೆಳಿಗ್ಗೆ. ಆಗಿನ ಭಾನುವಾರಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ — ದೇವರ ಕಥೆಯ ಧಾರಾವಾಹಿ ಬರುವ ಹೊತ್ತಿಗೆ ಬ್ಯಾಡಗಿಯ ಪೇಟೆಯಲ್ಲಿ ನಾಯಿಯೂ ಅಡ್ಡಾಡುತ್ತಿರಲಿಲ್ಲ. ಟಿ.ವಿ.ಗೆ ಹೂ ಏರಿಸಿ ಕೂರುತ್ತಿದ್ದರು. ಕಥೆ ಶುರುವಾಗಿ ಸ್ವಲ್ಪ ಹೊತ್ತಿಗೆ ನಮ್ಮ ಪೆಟ್ಟಿಗೆ ಬಂದ್ ಆಯಿತು.

ನಾನು ಎದುರಿಗೇ ಇದ್ದೆ. ಹೊತ್ತಿದ್ದು ಒಂದೇ ದೀಪ. ಶಕ್ತಿ ಹಿಂದಿರುಗುತ್ತಿದೆ ಎನ್ನುವ ದೀಪ. ಕಾವಿನ ದೀಪ ಹೊತ್ತಿರಲಿಲ್ಲ. ಇದನ್ನು ನಾನು ಈ ಎರಡು ಕಣ್ಣುಗಳಿಂದ ನೋಡಿದೆ.

ಗುಂಡಿ ಒತ್ತಿದೆ. ಚಿತ್ರ ಬಂತು, ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು. ಅದೇ ದೀಪ. ಆಗ ಕೇಬಲ್ಲು ಬಿಚ್ಚಿ ಡಮ್ಮಿ ಲೋಡ್ ಹಚ್ಚಿದೆ. ಪೆಟ್ಟಿಗೆ ನಡೆಯಿತು — ತಣ್ಣಗೆ, ಸ್ಥಿರವಾಗಿ, ಒಂದು ದೀಪವೂ ಹೊತ್ತದೆ. ಅದೇ ಜಾಲರಿ, ಅದೇ ಗಾಳಿ, ಬೇಲಿಯಾಚೆ ಅದೇ ಮೆಣಸಿನಕಾಯಿ. ಅಲ್ಲಿಗೆ ಎಲ್ಲವೂ ಸ್ಪಷ್ಟವಾಯಿತು. ದೋಷ ಕಂಬದ ಮೇಲಿತ್ತು. ನಾನು ನೋಡದೆ, ನೋಡಿದ್ದೇನೆ ಎಂದ ಆ ಜೋಡಣೆಯಲ್ಲಿ.

ಆಗ ಮಾಡಬೇಕಾದದ್ದು ಇಷ್ಟೇ — ಪ್ರಸಾರ ನಿಲ್ಲಿಸಿ, ಮೇಲಿನ ಕಚೇರಿಗೆ ಇದ್ದದ್ದು ಹೇಳಿ, ಈರಣ್ಣನನ್ನು ಹತ್ತಿಸುವುದು. ಮಧ್ಯಾಹ್ನದೊಳಗೆ ಸರಿಹೋಗುತ್ತಿತ್ತು.

ಅಷ್ಟರಲ್ಲಿ ಸೈಕಲ್ಲುಗಳು ಬಂದವು. ಬೇಲಿಯ ಹತ್ತಿರ ಜನ ಸೇರಿತು. ಈರಣ್ಣ ಗೇಟಿನಲ್ಲಿ ನಿಂತು ಸಮಾಧಾನ ಮಾಡುತ್ತಿದ್ದ.

"ಏ ಈರಣ್ಣ, ದೇವ್ರು ಬಾಣ ಎತ್ತಿದ್ದ, ಅಷ್ಟರಾಗ ಹೋತಲ್ಲೋ. ನಮ್ಮವ್ವ ಆರತಿ ತಟ್ಟಿ ಹಿಡಕೊಂಡು ನಿಂತಾಳ, ಕೆಳಗ ಇಡವಲ್ಲಳು."

"ತಡೀರಪಾ, ಸಾಹೇಬ್ರು ನೋಡಾಕತ್ತಾರ. ದೇವ್ರು ಎಲ್ಲೂ ಹೋಗಿಲ್ಲ, ಡಿಶ್‌ನಾಗ ಬಂದು ಕುಂತಾನ. ಹೊರಗ ಬರಬೇಕಷ್ಟ."

ಒಳಗೆ ನಾನು ಡಮ್ಮಿ ಲೋಡ್ ತೆಗೆದು ಕೇಬಲ್ಲು ಮತ್ತೆ ಹಚ್ಚಿದೆ. ಉಳಿದ ಕಥೆಯನ್ನಾದರೂ ತೋರಿಸಿಬಿಡೋಣ, ಆಮೇಲೆ ನೋಡೋಣ ಎಂದು. ಗುಂಡಿ ಒತ್ತಿದೆ. ಬಂದ್ ಆಯಿತು. ಮತ್ತೆ ಒತ್ತಿದೆ. ಇತರರಿಗೆ ಬೇಡ ಬೇಡ ಎಂದು ಹೇಳಿದ್ದನ್ನೇ ಮಾಡುತ್ತಾ ನಿಂತೆ. ಕೊನೆಗೆ ಕಾವಿನ ದೀಪವೂ ಹೊತ್ತಿತು. ಸುಟ್ಟ ವಾಸನೆ ಬಂತು. ಆಮೇಲೆ ಯಾವ ಗುಂಡಿ ಒತ್ತಿದರೂ ಏನೂ ಆಗಲಿಲ್ಲ. ಬದಲಿ ಪೆಟ್ಟಿಗೆ ದುರಸ್ತಿಗೆ ಹೋಗಿತ್ತು. ಊರಿಗೆ ಟಿ.ವಿ. ಇಲ್ಲ — ಒಂದು ದಿನಕ್ಕಲ್ಲ, ಹೊಸ ಭಾಗ ಬರುವವರೆಗೆ.

ಹೊರಗೆ ಬಂದೆ. ಬರುವಾಗ — ಇದನ್ನು ಬರೆಯುವುದು ಕಷ್ಟ, ಬರೆಯುತ್ತೇನೆ — ಮೂಲೆಯಲ್ಲಿ ತೊಳೆಯಲು ಇಟ್ಟಿದ್ದ ಹಿಂದಿನ ದಿನದ ಜಾಲರಿಯನ್ನು ಎತ್ತಿಕೊಂಡೆ. ಪೆಟ್ಟಿಗೆಯಲ್ಲಿದ್ದ ಜಾಲರಿ ಅಂದು ಬೆಳಿಗ್ಗೆಯೇ ಹಾಕಿದ್ದು, ಶುಭ್ರವಾಗಿತ್ತು. ಕೈಯಲ್ಲಿ ಹಿಡಿದದ್ದು ಕೆಂಪಾಗಿತ್ತು.

"ಏನಾತ್ರಿ ಸಾಹೇಬ್ರ?" ಎಂದು ಕೇಳಿದವನು ಶೇಖರಪ್ಪ. ದಲಾಲಿ ಅಂಗಡಿಯವನು, ಗಂಗವ್ವನ ಮಾಲು ಹೋಗುತ್ತಿದ್ದದ್ದು ಅವನಿಗೇ.

ನಾನು ಜಾಲರಿಯನ್ನು ಎತ್ತಿ ಹಿಡಿದು ಅಂದೆ: "ಮೆಣಸಿನ ಧೂಳು. ಮಷೀನ್ ಸುಟ್ಟೈತಿ."

ಇಷ್ಟೇ ಅಂದದ್ದು. ಇನ್ನೊಂದು ಕೈ ತಾನಾಗಿಯೇ ಕಣದ ಕಡೆ ಎದ್ದಿತು. ತಾನಾಗಿಯೇ ಎಂದು ಬರೆದೆ, ಅದು ಸರಿಯಲ್ಲ. ಕೈ ನನ್ನದು.

ಗಂಗವ್ವ ಆ ಗುಂಪಿನ ಹಿಂದೆ ನಿಂತಿದ್ದಳು. ಮುಂದೆ ಬಂದಳು.

"ಸಾಹೇಬ್ರ, ನೀವು ಹೇಳಿದಂಗ ಸೀರಿ ಕಟ್ಟೇನಲ್ರಿ. ಇವತ್ತ ಕಾಯಿ ಹರಗೇ ಇಲ್ರಿ. ಐತವಾರ ಅಂತ ಕೆಲಸಾ ಬಿಟ್ಟು ನಾವೂ ಟಿ.ವಿ. ನೋಡಾಕ ಹೋಗಿದ್ವಿ."

"ನಿನ್ನ ಕಾಯಿ ಘಾಟಿಗೆ ಮನಷ್ಯಾರ ತಡ್ಯಾಂಗಿಲ್ಲ, ಮಷೀನ್ ತಡೀತೈತೇನವಾ?" ಎಂದ ಶೇಖರಪ್ಪ. ನಾಲ್ಕು ಜನ ನಕ್ಕರು.

ಅವಳು ಅವನ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಸಾಹೇಬ್ರು ಈಗ ಏನಾದರೂ ಹೇಳುತ್ತಾರೆ ಎನ್ನುವ ನೋಟ. ನಾನು ಜಾಲರಿಯ ಧೂಳನ್ನು ನೆಲಕ್ಕೆ ಬಡಿಯುತ್ತಾ ನಿಂತೆ.

ಯಾರೋ ಒಬ್ಬ ಹೋಗುವಾಗ ಸೈಕಲ್ಲನ್ನು ಕಣದ ಮೇಲೇ ಹಾಯಿಸಿದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ನಡೆದುಹೋಗುವವರೂ ಅದನ್ನೇ ದಾರಿ ಮಾಡಿಕೊಂಡರು. ಒಣಗಿದ ಕಾಯಿ ಕಾಲಡಿ ಪಟಪಟ ಒಡೆಯುವ ಸದ್ದು, ಬೀಜ ಚೆಲ್ಲಿದ ನೆಲ. ಗಂಗವ್ವ ಅವರ ಹಿಂದೆಯೇ ಕಣಕ್ಕೆ ಬಂದಳು. ಕುಕ್ಕರುಗಾಲಿನಲ್ಲಿ ಕುಳಿತು ಒಡೆಯದ ಕಾಯಿಗಳನ್ನು ಬೇರೆ ಮಾಡತೊಡಗಿದಳು.

ವಾರದೊಳಗೆ ಮೇಲಿನ ಕಚೇರಿಯಿಂದ ಅಧಿಕಾರಿಯೊಬ್ಬರು ಹೊಸ ಭಾಗ ತಂದರು. ಕಾರಣ ಕೇಳಿದರು. ನಾನು ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಸೀರೆಗಳನ್ನು ತೋರಿಸಿದೆ. ಕಣದ ಕಡೆಯ ಮೈ ಪೂರ್ತಿ ಕೆಂಪಾಗಿತ್ತು. "ನೋಡಿ, ಬಟ್ಟೆಯೇ ಹೀಗಾಗಿದೆ ಎಂದರೆ..." ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸಿದೆ. ಉಳಿದದ್ದನ್ನು ಅವರೇ ಪೂರ್ತಿ ಮಾಡಿಕೊಂಡರು. ನಮ್ಮನ್ನು ಕಾಪಾಡಲು ಕಟ್ಟಿದ ಸೀರೆಗಳು ಅವಳ ವಿರುದ್ಧವೇ ಸಾಕ್ಷಿಯಾದವು. ತಾಲೂಕು ಕಚೇರಿಗೆ ಕಾಗದ ಹೋಯಿತು. ಜೀಪು ಬಂತು. ಕಣ ತೆರವಾಯಿತು.

ಅದೇ ವಾರ, ಅಧಿಕಾರಿ ಹೋದ ಮೇಲೆ, ಹೊಸ ಭಾಗ ಕೂರಿಸುವ ಮುಂಚೆ, "ಹೆಂಗಿದ್ರೂ ಬಂದ್ ಐತಿ, ಮ್ಯಾಲಿನ ಜೋಡಣಿನೂ ಒಮ್ಮೆ ನೋಡಿಬಿಡು" ಎಂದು ಈರಣ್ಣನನ್ನು ಕಂಬ ಹತ್ತಿಸಿದೆ. ಅವನು ಹಳೆಯ ಜೋಡಣೆಯನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಇಳಿದ. ನನ್ನ ಮೇಜಿನ ಮೇಲೆ ಇಟ್ಟ. ಮಳೆನೀರು ಒಳಹೊಕ್ಕು ತಾಮ್ರವನ್ನು ತಿಂದಿತ್ತು. ಬೆರಳು ತಾಗಿಸಿದರೆ ಹಸಿರು ಕಿಲುಬು ಪುಡಿಪುಡಿಯಾಗಿ ಉದುರುತ್ತಿತ್ತು.

"ಸರ," ಎಂದ ಈರಣ್ಣ, "ಮೆಣಸಿನ ಧೂಳು ಹಸರೂ ಇರತೈತೇನ್ರಿ?"

"ಕೆಲಸಾ ಮುಗಸು ಈರಣ್ಣ."

ಮುಗಿಸಿದ. ಅಂದಿನಿಂದ ಅವನು ನನ್ನ ಜೊತೆ ಚಹಾ ಕುಡಿಯಲಿಲ್ಲ. ಮನ್ಯಾಗ ಕುಡದು ಬಂದೇನ್ರಿ ಎನ್ನುತ್ತಿದ್ದ. ಅವನ ತಮಾಷೆಗಳೂ ನಿಂತವು. ನನ್ನ ಎದುರಿಗೆ ಮಾತ್ರ.

ಹೊಸ ಭಾಗ, ಹೊಸ ಜೋಡಣೆ. ಪ್ರಸಾರ ಶುರುವಾಯಿತು, ಆಮೇಲೆ ಒಮ್ಮೆಯೂ ಹಾಗೆ ಕೆಡಲಿಲ್ಲ. ಊರಿಗೆ ಅದೇ ಪುರಾವೆಯಾಯಿತು. ಗಂಗವ್ವನ ಕಣ ಹೋಯಿತು, ಟಾವರು ಸರಿಹೋಯಿತು — ಇನ್ನೇನು ಬೇಕು? ಅವಳಿಗೆ ಹೆಸರು ಬಿತ್ತು: ಟಾವರ್ ಸುಟ್ಟ ಗಂಗವ್ವ. ಬೇರೆ ಕಡೆ ಕಣ ಮಾಡಲು ಹೋದಲ್ಲೆಲ್ಲ ಆ ಹೆಸರು ಅವಳಿಗಿಂತ ಮುಂಚೆ ಹೋಗಿ ಕುಳಿತಿರುತ್ತಿತ್ತು. ಒಂದು ಕಡೆ ವಿದ್ಯುತ್ ಕಂಬ ಹತ್ತಿರವಿದೆ ಎಂದು ಬೇಡ ಎಂದರಂತೆ. ಇನ್ನೊಂದು ಕಡೆ ಹಿಟ್ಟಿನ ಗಿರಣಿಯವನು. ತಮಾಷೆಗೇ ಅಂದಿರಬಹುದು. ತಮಾಷೆಯಿಂದಲೂ ಜಾಗ ಹೋಗುತ್ತದೆ. ಎರಡು ಸುಗ್ಗಿ ಕಳೆಯುವಷ್ಟರಲ್ಲಿ ಅವರು ಬ್ಯಾಡಗಿ ಬಿಟ್ಟರು ಎಂದು ಕೇಳಿದೆ. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ನಿವೃತ್ತನಾದೆ. ಶಿಸ್ತಿನ ಮನುಷ್ಯ ಎಂದು ಶಾಲು ಹೊದಿಸಿ ಹೊಗಳಿದರು. ಹೊದಿಸಿಕೊಂಡೆ.

ಹಾವೇರಿ ಜಿಲ್ಲೆಯಾದ ಮೇಲೆ, ಈಚೆಗೆ, ಒಂದು ಸಂಜೆ ನಮ್ಮ ಓಣಿಯ ಬಟ್ಟೆ ಅಂಗಡಿಯ ಚನ್ನಬಸಪ್ಪ ಮನೆಗೆ ಬಂದಿದ್ದ. ಅಣ್ಣನ ಮಗನಿಗೆ ಹೆಣ್ಣು ನೋಡುತ್ತಿದ್ದರು. ನನ್ನ ಹೆಂಡತಿ ಚಹಾ ಕೊಡುತ್ತಾ, ಏನಾಯಿತು ಎಂದು ಕೇಳಿದಳು.

"ರಾಣೆಬೆನ್ನೂರಾಗ ಒಂದ ನೋಡಿದ್ವಿ ವೈನಿ. ಹುಡುಗಿ ಚಲೋ ಅದಾಳ, ಹೊಲಿಗಿ ಕಲತಾಳ. ಆದ್ರ ಅವರವ್ವ ಯಾರ ಗೊತ್ತೇನ್ರಿ? ಬ್ಯಾಡಗಿ ಟಾವರ್ ಸುಟ್ಟ ಗಂಗವ್ವ. ಊರಿನ ಟಿ.ವಿ. ಸುಟ್ಟವರ ಮಗಳು ನಮ್ಮ ಮನಿ ಮಿಕ್ಸರ್ ಬಿಟ್ಟಾಳೇನು ಅಂತ ನಮ್ಮಣ್ಣ ನಗಾಕತ್ತಾನ." ಆಮೇಲೆ ನನ್ನ ಕಡೆ ತಿರುಗಿ, "ಸರ, ನೀವ ಇದ್ರೆಲಾ ಅವಾಗ ಅಲ್ಲಿ? ಖರೇ ಏನ್ರಿ ಅದು?" ಎಂದ.

ಹತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಒಬ್ಬರು ನನ್ನನ್ನು ನೇರವಾಗಿ ಕೇಳಿದ್ದರು. ಉತ್ತರ ನಾಲಗೆಯ ಮೇಲೆಯೇ ಇತ್ತು. ಚಹಾ ಆರುತ್ತಿತ್ತು. ನಾನು — "ಅದೆಲ್ಲಾ ಹಳೇ ಮಾತು ಬಿಡ್ರಿ" ಎಂದೆ.

ಎರಡನೆಯ ಸಲವೂ ಗುಂಡಿ ಒತ್ತಿ ದೀಪ ಆರಿಸಿದೆ. ಆ ಸಂಬಂಧ ಮುಂದುವರಿಯಲಿಲ್ಲ. ಬೇರೆ ಕಾರಣಗಳೂ ಇದ್ದಿರಬಹುದು. ಇದ್ದರೂ ನನ್ನ ಪಾಲು ನನ್ನದೇ.

ಅದು ಮುರಿದ ಸುದ್ದಿ ತಿಳಿದ ಮರುದಿನ ಬೆಳಗಿನ ಬಸ್ಸಿಗೆ ರಾಣೆಬೆನ್ನೂರಿಗೆ ಹೋದೆ. ಮೊದಲು ಈರಣ್ಣನ ಮನೆಗೆ. ಗಂಗವ್ವ ಎಲ್ಲಿದ್ದಾಳೆ ಎಂದು ಕೇಳಿದೆ.

"ಈಗ ಕೇಳಾಕ ಬಂದೀರೇನ್ರಿ ಸರ" ಎಂದ. ಅದು ಪ್ರಶ್ನೆಯಾಗಿರಲಿಲ್ಲ. ಚಪ್ಪಲಿ ಮೆಟ್ಟಿ ಓಣಿಯ ತುದಿಯವರೆಗೆ ಬಂದು ದಾರಿ ತೋರಿಸಿದ. ಜೊತೆಗೆ ಬಾ ಎಂದೆ. "ಇದು ನಿಮ್ಮ ಕೆಲಸ ಐತ್ರಿ" ಎಂದು ತಿರುಗಿ ಹೋದ.

ಒಂದು ಬೀಜದ ಗೋದಾಮು. ಸಾಲಾಗಿ ಕುಳಿತ ಹೆಂಗಸರು ಮೊರದಲ್ಲಿ ಬೀಜ ಆರಿಸುತ್ತಿದ್ದರು. ಗಂಗವ್ವ ಸಾಲಿನ ಕೊನೆಯಲ್ಲಿದ್ದಳು. ಆ ಭಾನುವಾರ ಬಿಟ್ಟರೆ ತನ್ನ ಕಣದಲ್ಲಿ ಅವಳು ಕುಳಿತದ್ದನ್ನು ನಾನು ಕಂಡಿರಲಿಲ್ಲ. ಕೋಲು ಹಿಡಿದು ನಿಂತೇ ಇರುತ್ತಿದ್ದವಳು. ಇಲ್ಲಿ ಬೇರೊಬ್ಬರು ನಿಂತಿದ್ದರು, ಇವಳು ಕುಳಿತಿದ್ದಳು.

ಗುರುತು ಹಿಡಿದಳು. "ಜೋಶಿ ಸಾಹೇಬ್ರಲ್ರಿ? ಕುಂದ್ರಿ" ಎಂದು ಗೋಣಿಚೀಲ ಸರಿಸಿದಳು. ನಾನು ನಿಂತೇ ಹೇಳಿದೆ. ಬಸ್ಸಿನಲ್ಲಿ ಸಿದ್ಧಮಾಡಿಕೊಂಡ ಮಾತುಗಳಲ್ಲಿ ಯಾವುದೂ ಬರಲಿಲ್ಲ.

"ಗಂಗವ್ವಾ, ಅವತ್ತ ಟಾವರ್ ಕೆಟ್ಟಿದ್ದು ನಿನ್ನ ಮೆಣಸಿನಕಾಯಿಂದ ಅಲ್ಲ. ಕಂಬದ ಮ್ಯಾಲಿನ ಜೋಡಣಿ ಕೆಟ್ಟಿತ್ತು. ಅದನ್ನ ನೋಡೋದು ನನ್ನ ಕೆಲಸ. ನಾ ನೋಡಿದ್ದಿಲ್ಲ. ಅವತ್ತ ಅಲ್ಲಿ ನಿಂತಾಗನ ನನಗ ಗೊತ್ತಿತ್ತು."

ಅವಳ ಕೈ ನಿಲ್ಲಲಿಲ್ಲ. ಮೊರದಲ್ಲಿ ಬೀಜ ಅತ್ತಿತ್ತ ಸರಿಯುತ್ತಲೇ ಇತ್ತು.

"ನಾ ಇಷ್ಟ ವರ್ಷ ಏನ್ ತಿಳಕೊಂಡಿದ್ದೆ ಗೊತ್ತೇನ್ರಿ? ನಂದ ತಪ್ಪಿರಬೇಕು ಅಂತ. ಸಾಹೇಬ್ರು ಓದಿದವ್ರು, ನನ್ನ ಮ್ಯಾಲ ಅವರಿಗೇನ್ ಸಿಟ್ಟ ಐತಿ, ಸುಳ್ಳ ಯಾಕ ಹೇಳ್ತಾರ ಅಂತ. ಸೀರಿ ಇನ್ನೊಂದ ಪದರ ಕಟ್ಟಬೇಕಿತ್ತೇನೋ, ಕೆಳಗ ಸಂದಿ ಬಿಟ್ಟಿದ್ದೆ ಏನೋ ಅಂತ... ಕಣದ ಹೆಣ್ಣಮಕ್ಕಳ ಹತ್ರನೂ ಹಂಗ ಹೇಳೇನಿ, ನನ್ನ ಕೈಯಿಂದನ ತಪ್ಪಾತು ನೋಡ್ರವಾ, ನಿಮ್ಮ ಕೂಲಿನೂ ಹೋತು ಅಂತ."

ನಾನು ಅವಳ ಕಣ ಕಿತ್ತುಕೊಂಡೆ, ಹೆಸರು ಕೆಡಿಸಿದೆ ಎಂದು ತಿಳಿದು ಹೋಗಿದ್ದೆ. ಅಷ್ಟೇ ಆಗಿರಲಿಲ್ಲ. ಅವಳು ನನ್ನ ಸುಳ್ಳನ್ನು ನಂಬಿದ್ದಳು. ಹತ್ತು ವರ್ಷ, ಮಾಡದ ತಪ್ಪಿನ ಸಂದಿ ಹುಡುಕುತ್ತಾ...

"ತಪ್ಪಾತು ಗಂಗವ್ವಾ" ಎಂದೆ.

"ಅವತ್ತ ನನಗ ಒಬ್ಬಾಕಿಗೇ ಹೇಳಿದ್ರೇನ್ರಿ?" ದನಿ ಏರಿರಲಿಲ್ಲ. "ಊರ ಮುಂದ ಹೇಳಿದ್ರಿ. ಇದನ್ನ ನನ್ನ ಕಿವ್ಯಾಗ ಬಂದು ಹೇಳಾಕತ್ತೀರಿ. ನಾ ಇದನ್ನ ಇಟ್ಕೊಂಡ ಏನ್ ಮಾಡ್ಲಿ? ಅವತ್ತ ಯಾರ‍್ಯಾರು ಬೇಲಿ ಹತ್ರ ನಿಂತಿದ್ರು, ಅವರಿಗೆ ಹೇಳ್ರಿ."

ಆಮೇಲೆ ಮೊರದ ಕಡೆ ಬಾಗಿದಳು. ಕ್ಷಮೆ ಕೇಳಬೇಕೆಂದು ಹೋಗಿದ್ದೆ. ಕೇಳಲು ಅವಳು ಜಾಗ ಕೊಡಲಿಲ್ಲ. ಅದು ಸರಿಯೂ ಆಗಿತ್ತು. ಹೊರಡುವ ಮುಂಚೆ ಒಂದೇ ಕೇಳಿದೆ — ಕಣದಲ್ಲಿ ತೊಟ್ಟು ಬಿಡಿಸುತ್ತಿದ್ದ ಮೋಟೆಬೆನ್ನೂರಿನ ಹೆಂಗಸರು ಯಾರು ಯಾರು ಎಂದು. ತಲೆ ಎತ್ತದೆ ಒಂದೊಂದೇ ಹೆಸರು ಹೇಳಿದಳು.

ಮನೆಗೆ ಬಂದು ಮೊದಲು ಹೆಂಡತಿಗೆ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ, "ಚನ್ನಬಸಪ್ಪ ಕೇಳಿದಾಗ ನಾ ಇಲ್ಲೇ ನಿಂತಿದ್ದೆ" ಎಂದಷ್ಟೇ ಅಂದು ಒಳಗೆ ಹೋದಳು. ಆ ರಾತ್ರಿಯೇ ಚನ್ನಬಸಪ್ಪನ ಮನೆಗೂ ಹೋಗಿ ಹೇಳಿದೆ. ಹುಡುಗನಿಗೆ ಅಷ್ಟರಲ್ಲಿ ಬೇರೆ ಕಡೆ ನಿಶ್ಚಯವಾಗಿತ್ತು.

ಮಾರುಕಟ್ಟೆಯ ದಿನ ಬ್ಯಾಡಗಿಗೆ ಹೋದೆ. ಶೇಖರಪ್ಪನ ಅಂಗಡಿಯಲ್ಲಿ ರೈತರು, ಹಮಾಲರು, ಚೀಲಗಳ ನಡುವೆ ಎಲ್ಲರೂ ಸೀನುತ್ತಾ ನಿಂತಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದೆ. ಶೇಖರಪ್ಪ ನಕ್ಕ.

"ಹೋಗ್ಲಿ ಬಿಡ್ರಿ ಸರ. ಈಗ ನಿಮ್ಮ ಟಾವರ್ ಯಾರ ನೋಡ್ತಾರ? ಮನಿ ಮನಿಗೆ ಕೇಬಲ್ ಬಂದೈತಿ."

"ಬಿಡೋ ಮಾತಲ್ಲ ಶೇಖರಪ್ಪ. ಅವತ್ತ ನಾ ಹೇಳಿದ ಸುಳ್ಳನ್ನ ಪೇಟಿ ತುಂಬ ನೀನ ಹಂಚಿದಿ. ಇದನ್ನೂ ಹಂಚು."

ಅವನ ನಗು ನಿಂತಿತು. ಒಂದು ಕಾಯಿ ಎತ್ತಿ ಮುರಿದು, ಮೂಸಿ, ಕೆಳಗೆ ಹಾಕಿದ. "ಆಕಿ ಮಾಲು ಚಲೋ ಇರ್ತಿತ್ರಿ ಸರ. ಆಮ್ಯಾಲ ಅಂಥಾ ಮಾಲು ಬರಲಿಲ್ಲ" ಎಂದ.

ಕೆಲವರು ಕೇಳಿಸಿಕೊಂಡರು. ಕೆಲವರಿಗೆ ಆ ಭಾನುವಾರದ ನೆನಪೇ ಇರಲಿಲ್ಲ. ಆದರೆ ಟಾವರ್ ಸುಟ್ಟ ಗಂಗವ್ವ ಎಂದರೆ ಅವರಿಗೂ ಗೊತ್ತು. ಅದಕ್ಕಾಗಿಯೇ ಹೋಗುತ್ತಿದ್ದೇನೆ. ಮಾರುಕಟ್ಟೆಯ ದಿನಗಳಲ್ಲಿ ಪೇಟೆಯಲ್ಲಿ ಓಣಿ ಓಣಿ ಹಿಡಿದು, ಮೊದಲಿನಿಂದ ಕೊನೆಯ ಅಂಗಡಿಯವರೆಗೆ, ಒಂದನ್ನೂ ಬಿಡದೆ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಹಿಂದಿನಿಂದ ಅನ್ನುತ್ತಾರೆ. ಅನ್ನಲಿ. ನಾನು ಹೇಳುವ ಮಾತನ್ನು ಸರಿಯಾಗಿ ಹೇಳಿದರೆ ಸಾಕು. ಅಂಗಡಿಗಳಿಗೆ ಬಾರದವರಿಗಾಗಿ ಇದನ್ನು ಬರೆದು ಪತ್ರಿಕೆಗೆ ಕೊಡುತ್ತಿದ್ದೇನೆ, ನನ್ನ ಹೆಸರಿನಲ್ಲಿಯೇ.

ನಾಳೆ ಮೋಟೆಬೆನ್ನೂರು. ಆ ಹೆಂಗಸರು ಈಗ ವಯಸ್ಸಾದವರು. ಕೆಲವರು ಇಲ್ಲದೆಯೂ ಇರಬಹುದು. ಇದ್ದವರ ಬಾಗಿಲಿಗೆ ಹೋಗುತ್ತೇನೆ. ಡಮ್ಮಿ ಲೋಡು, ಜೋಡಣೆ ಎಂದೆಲ್ಲ ಅವರಿಗೆ ವಿವರಿಸುವುದಿಲ್ಲ. ಮನೆಯಿಂದ ಒಂದೊಂದು ಸೀರೆ ತಂದು ಕೊಟ್ಟವರು ಅವರು. ಅವರಿಗೆ ಹೇಳಬೇಕಾದದ್ದು ಇಷ್ಟೇ — ತಪ್ಪು ನನ್ನದು; ಗಂಗವ್ವ ಎಲ್ಲಿಯೂ ಸಂದಿ ಬಿಟ್ಟಿರಲಿಲ್ಲ, ಸೀರೆಗಳನ್ನು ಸರಿಯಾಗಿಯೇ ಕಟ್ಟಿದ್ದಳು.